ಬೀಗರ ಮನೆಯ ಅಂಗಳದಲ್ಲಿ ಕಾದಾಟ: ಎರಡು ಗೇಮ್‌ಗಳ ಹೋಲಿಕೆ

ಕಳೆದ ಕಕ್ಕಡ ಮಾಸದಲ್ಲಿ (ಜುಲೈ–ಆಗಸ್ಟ್‌ನ ಮಳೆಗಾಲ) ಮಡಿಕೇರಿಯಲ್ಲಿ ಮಳೆ ರಜೆ ಮೇಲಿಂದ ಮೇಲೆ ಸಿಕ್ಕಿದ್ದರಿಂದ, ಪಿಯುಸಿ ಓದುತ್ತಿರುವ ಅಕ್ಕನ ಮಗನೂ ನಾನೂ ಎರಡು ಕಾದಾಟದ ವಿಡಿಯೊ ಗೇಮ್‌ಗಳನ್ನು ಸುಮಾರು ಮೂರು ವಾರ ಪಕ್ಕಪಕ್ಕ ಕುಳಿತು ಆಡಿದೆವು. ಒಂದು, 2001ರ ‘ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2’. ಇನ್ನೊಂದು, 2012ರ ‘ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್’. ಎರಡನ್ನೂ ತಯಾರಿಸಿದ್ದು ಜಪಾನಿನ ಕ್ಯಾಪ್‌ಕಾಮ್ ಕಂಪನಿ. ಎರಡರಲ್ಲೂ ಅದರ ಸ್ಟ್ರೀಟ್ ಫೈಟರ್ ಬಳಗವು ಪ್ರತಿಸ್ಪರ್ಧಿ ಕಂಪನಿಯ ಬಳಗವನ್ನು ಎದುರಿಸುತ್ತದೆ: ಹಳೆಯದರಲ್ಲಿ ಎಸ್‌ಎನ್‌ಕೆಯದ್ದು, ಹೊಸದರಲ್ಲಿ ನಾಮ್ಕೊದ ಟೆಕ್ಕೆನ್ ಬಳಗ. ನಾನು ಮೈಸೂರಿನಲ್ಲಿ ಓದುವಾಗ ಪಾರ್ಲರ್‌ನಲ್ಲಿ ಎಸ್‌ಎನ್‌ಕೆಯ ‘ಕಿಂಗ್ ಆಫ್ ಫೈಟರ್ಸ್ 97’ ಆಡಿ ಕೈ ಪಳಗಿಸಿಕೊಂಡವನು, ಅವನು ಟೆಕ್ಕೆನ್ ಬಿಟ್ಟು ಬೇರೇನನ್ನೂ ಮುಟ್ಟದವನು. ಆದ್ದರಿಂದ ಇಬ್ಬರೂ ನೋಡಬೇಕಾಗಿದ್ದದ್ದು ಒಂದೇ ಸಂಗತಿ: ಬೀಗರಾಗಿ ಬಂದವರಿಗೆ ತಮ್ಮ ಮನೆಯ ಪದ್ಧತಿಯನ್ನು ನಡೆಸಲು ಇಲ್ಲಿ ಅವಕಾಶವಿದೆಯೋ, ಇಲ್ಲವೋ.

ಹಳೆಯ ಗೇಮ್ ಈ ವಿಷಯದಲ್ಲಿ ಬಹಳ ಉದಾರಿ. ಆಟಗಾರನು ಪಾತ್ರಗಳನ್ನು ಆರಿಸುವುದಕ್ಕಿಂತ ಮೊದಲೇ ಆರು ‘ಗ್ರೂವ್’ಗಳಲ್ಲಿ ಒಂದನ್ನು ಆರಿಸಬೇಕು, ಸಿ, ಎ, ಪಿ ಎಂಬ ಮೂರು ಕ್ಯಾಪ್‌ಕಾಮ್‌ನ ಹಳೆಯ ಆಟಗಳ ನಿಯಮಗಳನ್ನೂ, ಎಸ್, ಎನ್, ಕೆ ಎಂಬ ಮೂರು ಎಸ್‌ಎನ್‌ಕೆ ಆಟಗಳ ನಿಯಮಗಳನ್ನೂ ತರುತ್ತವೆ. ಯಾವ ಪಾತ್ರಕ್ಕೆ ಯಾವ ಗ್ರೂವ್ ಬೇಕಾದರೂ ಹೊಂದುವುದರಿಂದ, ಸ್ಟ್ರೀಟ್ ಫೈಟರ್‌ನ ನಾಯಕ ರ್‍ಯೂನನ್ನು ಎಸ್‌ಎನ್‌ಕೆ ನಿಯಮದಲ್ಲಿ ಕುಣಿಸಬಹುದು. ನಾನು ಕೊನೆಗೆ ನೆಚ್ಚಿಕೊಂಡದ್ದು ಕೆ-ಗ್ರೂವ್. ಅದರಲ್ಲಿ ಏಟು ತಿಂದಷ್ಟೂ ಕೋಪದ ಪಟ್ಟಿ ತುಂಬುತ್ತದೆ, ತುಂಬಿದ ಮೇಲೆ ಹೊಡೆತದ ಭಾರ ಹೆಚ್ಚುತ್ತದೆ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ತಡೆದರೆ ಚೂರು ಜೀವವೂ ಮರಳುತ್ತದೆ. ಒಂದು ಸಂಜೆ ನನ್ನ ಪಾತ್ರವಾದ, ಎಸ್‌ಎನ್‌ಕೆಯ ಕತ್ತಿವೀರ ಹಾವೊಮಾರುವಿಗೆ ಬೆರಳಗಲದ ಜೀವ ಉಳಿದಿದ್ದಾಗ, ಹುಡುಗ ಸ್ಟ್ರೀಟ್ ಫೈಟರ್‌ನ ಕೆನ್‌ನನ್ನು ಹಾರಿಸಿಕೊಂಡು ಬಂದ. ಎರಡು ಏಟನ್ನು ಹೇಗೋ ತಡೆದು ಒಂದೇ ಒಂದು ಕತ್ತಿ ಬೀಸಿದೆ, ಅವನ ಜೀವದ ಪಟ್ಟಿ ಮುಕ್ಕಾಲು ಪಾಲು ಕರಗಿತು. ಅವನು ಕಂಟ್ರೋಲರ್ ಕೆಳಗಿಟ್ಟು, “ಮಾವಾ, ಇದು ಅನ್ಯಾಯ” ಎಂದು ಎದ್ದು ಹೋದ. ಅನ್ಯಾಯವೇ ಹೌದು, ಆದರೆ ಅದೇ ಗ್ರೂವ್ ಅವನಿಗೂ ತೆರೆದಿತ್ತು.

ತಂಡ ಕಟ್ಟುವ ಲೆಕ್ಕವೂ ಅಷ್ಟೇ ರುಚಿಯಾಗಿದೆ. ಒಟ್ಟು ನಾಲ್ಕು ಅಂಕಗಳನ್ನು ಮೂವರವರೆಗೆ ಹಂಚಬಹುದು. ಬೇಕಿದ್ದರೆ ನಾಲ್ಕನ್ನೂ ಒಬ್ಬನ ಮೇಲೆಯೇ ಸುರಿದು ಅವನನ್ನು ದೈತ್ಯನನ್ನಾಗಿ ಮಾಡಬಹುದು. ಎರಡು ಅಂಕ ಯಾರಿಗೆ, ಮೊದಲು ಯಾರನ್ನು ಇಳಿಸುವುದು ಎಂಬ ಚರ್ಚೆಯಲ್ಲೇ ನಮ್ಮ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಎಸ್‌ಎನ್‌ಕೆಯ ರ್‍ಯೋ, ರಾಬರ್ಟ್‌ರನ್ನು ಅಣಕಿಸಲೆಂದೇ ಕ್ಯಾಪ್‌ಕಾಮ್ ಸೃಷ್ಟಿಸಿದ್ದ ಡ್ಯಾನ್‌ನನ್ನು ಇಲ್ಲಿ ಅದೇ ರ್‍ಯೋ ಎದುರು ನಿಲ್ಲಿಸಬಹುದು ಎಂಬುದು ಹಳಬರಿಗೆ ಬೇರೆಯೇ ಖುಷಿ.

2012ರ ಗೇಮ್‌ನಲ್ಲಿ ಅಂಗಳ ಪೂರ್ತಿ ಸ್ಟ್ರೀಟ್ ಫೈಟರ್‌ನವರದ್ದು. ಟೆಕ್ಕೆನ್‌ನ ಕಾಜುಯಾ, ಕಿಂಗ್ ಮೊದಲಾದವರು ತಮ್ಮ ಪಟ್ಟುಗಳ ಸರಣಿಯನ್ನು ತಂದಿದ್ದಾರೆ ನಿಜ, ಆದರೆ ಟೆಕ್ಕೆನ್‌ನ ಜೀವಾಳವಾದ ಪಕ್ಕಕ್ಕೆ ಸರಿಯುವ ನಡೆಯನ್ನು ಹೊರಬಾಗಿಲಲ್ಲೇ ಬಿಟ್ಟು ಬಂದಿದ್ದಾರೆ. ನಾಲ್ಕು ಬಟನ್‌ನ ಜಾಗದಲ್ಲಿ ಆರು ಬಟನ್ ಬಂದಿದೆ. ಮೊದಲ ದಿನ ಹುಡುಗನು ರ್‍ಯೂ ಎಸೆದ ಪ್ರತಿ ಹಡೌಕೆನ್ ಶಕ್ತಿಯುಂಡೆಗೂ ಅಭ್ಯಾಸಬಲದಿಂದ ಪಕ್ಕಕ್ಕೆ ಸರಿಯಲು ಹೋಗಿ ಎದೆಗೇ ಹಾಕಿಸಿಕೊಂಡ. ಟೆಕ್ಕೆನ್‌ನವರ ಕಡೆಯಿಂದ ‘ಟೆಕ್ಕೆನ್ ಕ್ರಾಸ್ ಸ್ಟ್ರೀಟ್ ಫೈಟರ್’ ಎಂಬ ಮರುಭೇಟಿಯೂ 2010ರಲ್ಲೇ ಘೋಷಣೆಯಾಗಿತ್ತು, ಆದರೆ ಅದು ಬಿಡುಗಡೆಯಾಗಲೇ ಇಲ್ಲ. 2017ರಲ್ಲಿ ಮನೆಗಳಿಗೆ ಬಂದ ‘ಟೆಕ್ಕೆನ್ 7’ರಲ್ಲಿ ಸ್ಟ್ರೀಟ್ ಫೈಟರ್‌ನ ಅಕುಮಾ ತನ್ನ ಬೆಂಕಿಯುಂಡೆ, ಪವರ್ ಪಟ್ಟಿಗಳ ಸಮೇತ ಅತಿಥಿಯಾಗಿ ಇಳಿದದ್ದನ್ನು ನೋಡಿದರೆ, ಆ ಮನೆಯವರ ಆತಿಥ್ಯವೇ ದೊಡ್ಡದೆನ್ನಿಸುತ್ತದೆ.

ಇಲ್ಲಿ ತಂಡಕ್ಕೆ ಇಬ್ಬರು, ಯಾರೊಬ್ಬರು ಉರುಳಿದರೂ ಸುತ್ತು ಮುಗಿಯುತ್ತದೆ. ಹಾಗಾಗಿ ಬಳಲಿದವನನ್ನು ಹಿಂದಕ್ಕೆ ಕರೆಸಿ ಸುಧಾರಿಸಿಕೊಳ್ಳಲು ಬಿಡುವುದೇ ಜಾಣತನವಾಗುತ್ತದೆ. ಆರಂಭದ ಆವೃತ್ತಿಯಲ್ಲಿ ಇದರಿಂದಾಗಿಯೇ ಪಂದ್ಯಗಳು ಗಡಿಯಾರ ಮುಗಿಯುವವರೆಗೂ ಎಳೆಯುತ್ತಿದ್ದವು. 2013ರ ಪರಿಷ್ಕರಣೆ ಅದನ್ನು ತಕ್ಕಮಟ್ಟಿಗೆ ಸರಿಪಡಿಸಿತು. ಜೊತೆಗಾರನನ್ನು ಬಲಿಕೊಟ್ಟು ಕೆಲವೇ ಸೆಕೆಂಡು ಅಪಾರ ಬಲ ಪಡೆಯುವ ‘ಪಂಡೋರಾ’ ನೋಡಲು ಭರ್ಜರಿ, ಆದರೆ ಅಷ್ಟರೊಳಗೆ ಎದುರಾಳಿ ಬೀಳದಿದ್ದರೆ ನಾವೇ ಸೋತಂತೆ. ನನಗೆ ಅದು ಫಲಿಸಿದ್ದು ಎರಡೇ ಸಲ. ಪಾತ್ರಗಳಿಗೆ ಹೆಚ್ಚುವರಿ ಬಲ ಕೊಡುವ ‘ಜೆಮ್’ಗಳ ಬಗ್ಗೆ ಹೇಳುವಂಥದ್ದೇನಿಲ್ಲ, ಅವು ಆಟಕ್ಕೆ ಬೇಡದ ಒಗ್ಗರಣೆ. ಡಿಸ್ಕ್‌ನೊಳಗೇ ಇದ್ದ 12 ಪಾತ್ರಗಳಿಗೆ ಬೀಗ ಹಾಕಿ ಆಮೇಲೆ ಬೇರೆ ಹಣಕ್ಕೆ ಮಾರಿದ್ದು ಆ ಕಾಲದಲ್ಲಿ ದೊಡ್ಡ ರಂಪವಾಗಿತ್ತು.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ಹಗುರ, ನಡು, ಭಾರ, ಮತ್ತೊಮ್ಮೆ ಭಾರ ಎಂದು ಬಟನ್ ಒತ್ತಿದರೆ ಎದುರಾಳಿ ಮೇಲೆ ಹಾರಿ, ಜೊತೆಗಾರ ಒಳನುಗ್ಗುವ ಸರಣಿಯನ್ನು, ಜನ್ಮದಲ್ಲಿ ಕಂಟ್ರೋಲರ್ ಹಿಡಿಯದ ನನ್ನ ಅಕ್ಕ ಐದೇ ನಿಮಿಷದಲ್ಲಿ ಕಲಿತು ಮಗನನ್ನೇ ಗೋಡೆಗೊತ್ತಿದಳು. ನಾಲ್ವರೂ ಒಟ್ಟಿಗೆ ಪರದೆಯ ಮೇಲೆ ಬಡಿದಾಡುವ ‘ಸ್ಕ್ರಾಂಬಲ್’ ಬಗೆಯಂತೂ ನೆಂಟರು ತುಂಬಿದ ಮನೆಗೆ ಹೇಳಿ ಮಾಡಿಸಿದ್ದು. ಹಳೆಯ ಗೇಮ್‌ನಲ್ಲಿ ಅಕ್ಕ ಆರು ಗ್ರೂವ್‌ಗಳ ಪಟ್ಟಿ ಕಂಡೇ ಎದ್ದು ಅಡುಗೆಮನೆಗೆ ಹೋಗಿದ್ದಳು.

ಮಳೆಗಾಲದ ಮಡಿಕೇರಿಯಲ್ಲಿ ಕರೆಂಟಿನದ್ದೂ ಒಂದು ಲೆಕ್ಕವಿದೆ. ಹಳೆಯ ಗೇಮ್ ಮೇ 2025ರಲ್ಲಿ ‘ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ 2’ರ ಭಾಗವಾಗಿ ಮರಳಿ ಬಂದದ್ದರಿಂದ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್‌ನಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ಆಡಬಹುದು, ಹೊಸದನ್ನು ಆಡಿಸುವ ನನ್ನ ಹಳೆಯ ಪಿಎಸ್3 (ಪ್ಲೇಸ್ಟೇಷನ್ 3) ಮಾತ್ರ ಕರೆಂಟ್ ಹೋದೊಡನೆ ಕಣ್ಣುಮುಚ್ಚುತ್ತದೆ. ಇಬ್ಬರೇ ಇದ್ದು, ತಿಂಗಳುಗಟ್ಟಲೆ ಆಡುವ ಮನಸ್ಸಿದ್ದರೆ ನಾನು ಹಳೆಯದನ್ನೇ ಕೊಳ್ಳಿರೆನ್ನುತ್ತೇನೆ. ಹುಡುಗನು ಹೊಸದೇ ಮೇಲೆಂದು ಇನ್ನೂ ವಾದಿಸುತ್ತಾನೆ, ಆದರೆ ಊರಿಗೆ ಹೊರಡುವಾಗ ಬ್ಯಾಗಿಗೆ ಹಾಕಿಕೊಂಡದ್ದು ನನ್ನ ಸ್ವಿಚ್ ಅನ್ನು.