ಪಗ್ ಮರಿ ತರುವ ಮುಂಚೆ ಅದರ ತಾಯಿಯ ಮೂಗು ನೋಡಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಹೊಂದಿಸಿಕೊಳ್ಳಿ.

ಮಗಳ ಹಟಕ್ಕೆ ಹೋದ ವರ್ಷ 22,000 ಕೊಟ್ಟು ಪಗ್ ಮರಿ ತಂದೆವು. ಹಚ್ ಜಾಹೀರಾತಿನ ನಾಯಿ ಗೊತ್ತಲ್ವಾ, ಅದೇ. ಮನೆಯಲ್ಲೇ ಮರಿ ಮಾಡಿಸಿ ಮಾರುವವರು. 40 ದಿನದ ಮರಿ. ತಾಯಿ ತೋರಿಸಿ ಅಂದೆ. ಎತ್ತಿಕೊಂಡು ಬಂದು ತೋರಿಸಿ, ಹಾಗೇ ಒಳಗೆ ಹೋದರು. ಕೆಳಗೆ ಬಿಡಲೇ ಇಲ್ಲ. ನಾನೂ ಕೇಳಲಿಲ್ಲ.

ಚಿಂಟು ಗೊರಕೆ ಹೊಡೆಯುತ್ತಿದ್ದ. ಫೋನ್ ಮಾಡಿದರೆ, “ಪಗ್ ಅಂದ್ರೆ ಗೊರಕೆ ಹೊಡೀಲೇಬೇಕು ಮೇಡಂ.” ನಂಬಿದೆ. ಚೆಂಡು ಕಚ್ಚಿಕೊಂಡೇ ಮಲಗುತ್ತಿದ್ದ. ಎಷ್ಟು ಮುದ್ದು ಅಂತ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆವು. ಅದು ಮುದ್ದಲ್ಲ. ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಚೆಂಡು! ಆ ಫೋಟೋ ಈಗ ನೋಡಲು ಆಗುತ್ತಿಲ್ಲ.

ಏಪ್ರಿಲ್‌ನಲ್ಲಿ ಒಂದು ಸಂಜೆ ಗೇಟಿನ ಹತ್ತಿರವೇ ಕುಸಿದುಬಿಟ್ಟ. ನಾಲಿಗೆ ನೇರಳೆ ಬಣ್ಣ. ಡಾಕ್ಟರು ಮೂಗು ತೋರಿಸಿದರು. ಹೊಳ್ಳೆ ಇರಬೇಕಾದ ಕಡೆ ಉಗುರಲ್ಲಿ ಗೀರಿದ ಹಾಗೆ ಒಂದು ಗೆರೆ, ಅಷ್ಟೇ. ಮೂತಿ ಗಿಡ್ಡ, ಆದರೆ ಒಳಗಿನ ಮಾಂಸ ಕಮ್ಮಿಯಾಗಿಲ್ಲ. ಅಂಗುಳದ ಹಿಂಭಾಗ ಗಂಟಲಿಗೆ ಜೋತುಬಿದ್ದು ಗಾಳಿ ತಡೆಯುತ್ತದಂತೆ. ನಾಲಿಗೆ ಹೊರಹಾಕಿ ತೇಕಿದರೇನೇ ನಾಯಿಯ ಮೈ ತಣ್ಣಗಾಗುವುದು. ಇವನಿಗೆ ಅದೇ ಕಷ್ಟ. ಗಿಡ್ಡ ಮೂತಿಯ ನಾಯಿಗಳ ಈ ಉಸಿರಿನ ತೊಂದರೆಗೆ ಬೋಆಸ್ (BOAS) ಅಂತ ಹೆಸರು, ವಂಶದಲ್ಲೇ ಬರುತ್ತದೆ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು, “ನೀವು ಊಟ ಜಾಸ್ತಿ ಹಾಕಿದ್ದೀರಿ.” ಆಮೇಲೆ, “ಕೆಸಿಐ ಪೇಪರ್ ಕೊಟ್ಟಿದ್ದೀನಲ್ಲ?” ಕೆಸಿಐ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ. ಆ ಪೇಪರ್ ಅಪ್ಪ ಅಮ್ಮ ಯಾರು ಅಂತ ಹೇಳುತ್ತದೆ, ಉಸಿರಾಟ ಸರಿ ಇದೆ ಅಂತ ಹೇಳುತ್ತದಾ? ಕೊನೆಗೆ, ಏನೂ ಆಗಿಲ್ಲ ಅನ್ನೋ ಹಾಗೆ, “ಇದರ ತಾಯಿಗೂ ಹೀಗೇ ಇತ್ತು ಮೇಡಂ. ಮೂಗು ಆಪರೇಷನ್ ಮಾಡಿಸಿದ್ಮೇಲೆ ಸರಿಹೋಯ್ತು.”

ಕೈಕಾಲು ತಣ್ಣಗಾಯಿತು ನನಗೆ. ಗೊತ್ತಿತ್ತು! ಆಪರೇಷನ್ ಮಾಡಿಸಿ, ಅದೇ ನಾಯಿಯಿಂದ ಮರಿ ಹಾಕಿಸಿ, ನಮಗೆ ಮಾರಿದ್ದಾರೆ. ಗೊತ್ತಿದ್ದೂ ಮಾರಿದ್ದಾರೆ. ತಾಯಿಯ ಮೂಗು ಅಗಲ ಮಾಡಿಸಿದರೆ ಮರಿಗೆ ಬರುವುದು ತಪ್ಪುತ್ತದಾ? “ಬೇಕಾದ್ರೆ ಇದನ್ನ ವಾಪಸ್ ತನ್ನಿ, ಬೇರೆ ಮರಿ ಕೊಡ್ತೀನಿ” ಅಂದರು. ಒಂದು ವರ್ಷ ಮಗಳ ಕಾಲ ಹತ್ತಿರ ಮಲಗಿದವನನ್ನು ವಾಪಸ್ ಕೊಡಬೇಕಂತೆ. ಫೋನ್ ಇಟ್ಟುಬಿಟ್ಟೆ.

ದಯವಿಟ್ಟು ತಾಯಿ ತಂದೆ ಎರಡನ್ನೂ ಕೆಳಗೆ ಬಿಡಿಸಿ, ಸ್ವಲ್ಪ ಹೊತ್ತು ಓಡಾಡಿಸಿ, ಉಸಿರಿನ ಸದ್ದು ಕೇಳಿ. ಮೂಗಿಗೆ ಆಪರೇಷನ್ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. 8 ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು ಅಂತ 2017ರ ನಿಯಮವೇ ಇದೆ. ನನಗೆ ಗೊತ್ತಾಗಿದ್ದು ಈಗ.

ಗುರುವಾರ ಚಿಂಟುಗೆ ಆಪರೇಷನ್. ಇವತ್ತೂ ಚೆಂಡು ಕಚ್ಚಿಕೊಂಡೇ ಮಲಗಿದ್ದಾನೆ. ಟೇಬಲ್ ಫ್ಯಾನ್ ಅವನ ಕಡೆಗೇ ತಿರುಗಿಸಿ ಇಟ್ಟಿದ್ದೇನೆ.