ಹಳೇ ಕ್ಯಾಸೆಟ್ಟಿನ ಹಾಡಿಗೆ ಸ್ವರಲಿಪಿ ಮಾಡಿಸುವ ಮುಂಚೆ ಇದನ್ನು ಓದಿ

ಭಜನೆ ಕ್ಯಾಸೆಟ್ಟನ್ನೋ ಮೊಬೈಲ್ ರೆಕಾರ್ಡಿಂಗನ್ನೋ 'ಡಿಜಿಟಲ್ ಸ್ವರಲಿಪಿ ಮಾಡಿಕೊಡ್ತೀವಿ' ಅನ್ನುವವರ ಕೈಗೆ ಕೊಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಕಲಬುರಗಿಯಲ್ಲಿ ಒಬ್ಬರಿಗೆ ನಾವು ಆರು ಸಾವಿರ ರೂಪಾಯಿ ಕೊಟ್ಟು ಕಸ ತಂದಿದ್ದೇವೆ. ಹೆಸರು ಬರೆಯುವುದಿಲ್ಲ. ಇದೇ ಕೆಲಸ ಮಾಡುವವರು ಬೇರೆ ಊರಲ್ಲೂ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಜೇವರ್ಗಿ ಕಡೆ. ದೊಡ್ಡಪ್ಪ ತತ್ವಪದದ ಮೇಳದಲ್ಲಿ ಮುಂದೆ ಹಾಡುತ್ತಿದ್ದರು. ಅವರ ಮಟ್ಟುಗಳು ಉಳಿದಿರುವುದು ನಾಲ್ಕು ಕ್ಯಾಸೆಟ್ಟಿನಲ್ಲಿ ಮಾತ್ರ. ಕಲಬುರಗಿಯವರು 'ಒಂದೊಂದು ಸ್ವರ ಕೂತು ಕೇಳಿ ಬರೀತೀವಿ' ಅಂದರು, ಪೂರ್ತಿ ಹಣ ಮೊದಲೇ ತಗೊಂಡರು. ಕೊನೆಗೆ ಕೊಟ್ಟದ್ದು ಒಂದು ಪಿಡಿಎಫ್, ಒಂದು ಮಿಡಿ ಫೈಲ್ (ಯಾವ ಸ್ವರ ಯಾವಾಗ ನುಡಿಸಬೇಕು ಅಂತ ಕಂಪ್ಯೂಟರಿಗೆ ಹೇಳುವ ಫೈಲ್).

ಪೇಟಿ (ಹಾರ್ಮೋನಿಯಂ) ಮಾಸ್ತರರಿಗೆ ತೋರಿಸಿದೆ. ಎರಡು ಸಾಲು ನುಡಿಸಿ ನಿಲ್ಲಿಸಿದರು. ದೊಡ್ಡಪ್ಪ ಪಂಚಮ, ಅಂದರೆ ಪ ಸ್ವರ, ಮುಟ್ಟದ ಜಾಗದಲ್ಲೂ ಮೇಲಿನ ಪ, ಮತ್ತೆ ಪ. ಅದು ಏಕತಾರಿಯ ಕಾಟ. ತಂತಿ ಮೀಟಿದರೆ ಷಡ್ಜದ (ಸ ಸ್ವರದ) ಜೊತೆ ಅದರ ಮೂರು ಪಟ್ಟು ಕಂಪನವೂ ಸಣ್ಣಗೆ ಹುಟ್ಟುತ್ತದೆ, ಅದೇ ತಾರದ, ಅಂದರೆ ಮೇಲಿನ ಸಪ್ತಕದ, ಪಂಚಮ. ನಮ್ಮ ಕಿವಿ ಎರಡನ್ನೂ ಒಂದೇ ನಾದ ಅಂತ ತಗೊಳ್ಳುತ್ತದೆ. ಇವರು ಕಿವಿಯಿಂದ ಕೇಳದೆ ಸಾಫ್ಟ್‌ವೇರಿಗೆ ಹಾಕಿದ್ದಾರೆ ಅಂತ ಕಾಣುತ್ತದೆ, ಅದು ಎರಡು ಸ್ವರ ಅಂತ ಬರೆದಿದೆ. ತಾಳದ ಕಿಣಿಕಿಣಿಯೂ ಎಲ್ಲೋ ಮೇಲೆ ಸ್ವರವಾಗಿ ಕೂತಿದೆ!

ಇನ್ನೊಂದು ತಮಾಷೆ ನೋಡಿ. ದೊಡ್ಡಪ್ಪನ ಷಡ್ಜ ಪೇಟಿಯ ಕರಿ 1, ಅಂದರೆ ಮೊದಲ ಕರಿ ಮನೆ. ಅದರ ಕಂಪನ ಸೆಕೆಂಡಿಗೆ ಸುಮಾರು 277, ಪಕ್ಕದ ಬಿಳಿ 1ರದ್ದು ಸುಮಾರು 262. ನಡುವೆ ಶೇಕಡಾ 6ರಷ್ಟೇ ಅಂತರ. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲಾಗಿ ಶೇಕಡಾ 3ರಷ್ಟು ನಿಧಾನ ಓಡಿದರೆ ಷಡ್ಜ ಎರಡು ಮನೆಯ ನಡುವೆ ಬೀಳುತ್ತದೆ. ಆಗ ಸಾಫ್ಟ್‌ವೇರ್ ಒಮ್ಮೆ ಬಿಳಿ, ಒಮ್ಮೆ ಕರಿ ಅನ್ನುತ್ತದೆ. ನಮ್ಮ ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಷಡ್ಜ ಹೀಗೆ ಕುಣಿದಿದೆ. ಮೊದಲು ವೇಗ ಸರಿಮಾಡಿಕೊಂಡಿದ್ದರೆ ಇದು ಆಗುತ್ತಿರಲಿಲ್ಲ.

ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಅಂತೂ ಮೆಟ್ಟಿಲು ಮೆಟ್ಟಿಲಾಗಿದೆ. ಮಿಡಿಯಲ್ಲಿ ಸ್ವರ ಜಾರಿಸಲು ಪಿಚ್ ಬೆಂಡ್ ಅಂತ ಬೇರೆ ವ್ಯವಸ್ಥೆ ಇದೆ, ಇವರು ಅದನ್ನು ಮುಟ್ಟಿಲ್ಲ. ದಾದ್ರಾ ತಾಳದ ಆರು ಮಾತ್ರೆಯ ಹಾಡನ್ನು ನಾಲ್ಕು ನಾಲ್ಕಾಗಿ ಕೊಯ್ದಿದ್ದಾರೆ, ವೇಗ ನಿಮಿಷಕ್ಕೆ 120 ಮಾತ್ರೆ. ಏನೂ ಹೇಳದಿದ್ದರೆ ಮಿಡಿ ತಾನೇ ಹಿಡಿಯುವ ವೇಗ ಅದು. ಅಂದರೆ ಯಾರೂ ಕೂತು ಕೇಳಿಲ್ಲ, ಅಲ್ವಾ?

ಅನುಮಾನ ಬಂದು, ತಮ್ಮನ ಮಗ ಅದೇ ಹಾಡನ್ನು ಬೇಸಿಕ್ ಪಿಚ್‌ಗೆ ಹಾಕಿದ. ರೆಕಾರ್ಡಿಂಗಿನಿಂದ ಮಿಡಿ ಮಾಡಿಕೊಡುವ, ಸ್ಪಾಟಿಫೈಯವರು 2022ರಲ್ಲಿ ಪುಕ್ಕಟೆ ಬಿಟ್ಟ ಟೂಲ್ ಅದು. ಚಹಾ ಆರುವುದರೊಳಗೆ ಹೆಚ್ಚುಕಡಿಮೆ ಅದೇ ಕಸ ಬಂತು. ಟೂಲಿನ ತಪ್ಪಲ್ಲ ಬಿಡಿ. ಒಂಟಿ ವಾದ್ಯಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪೇಟಿ, ದಮ್ಮಡಿ, ತಾಳ, ಹಿಮ್ಮೇಳ ಎಲ್ಲ ಒಟ್ಟಿಗೆ ಇದ್ದರೆ ಆಮೇಲೆ ಮನುಷ್ಯ ಕೂತು ತಿದ್ದಲೇಬೇಕು. ಆ ತಿದ್ದುವ ಕೆಲಸಕ್ಕೇ ನಾವು ಹಣ ಕೊಟ್ಟಿದ್ದು. ಕೇಳಿದರೆ 'ಫೈಲ್ ಕೊಟ್ಟಿದ್ದೀವಲ್ಲ' ಅಂದರು.

ಹಾಗಾಗಿ ಮೊದಲು ಒಂದೇ ಪಲ್ಲವಿ ಮಾಡಿಸಿ. ಅದನ್ನು ಹಾಡು ಬಲ್ಲವರ ಮುಂದೆ ಪೇಟಿಯಲ್ಲಿ ನುಡಿಸಿ ನೋಡಿ, ಆಮೇಲೆ ಉಳಿದ ಹಣ. ಷಡ್ಜ ಯಾವುದು, ತಾಳ ಯಾವುದು ಅಂತ ಅವರಾಗಿಯೇ ಕೇಳದಿದ್ದರೆ ಎದ್ದು ಬನ್ನಿ. ಪಿಡಿಎಫ್ ಜೊತೆ ಮ್ಯೂಸಿಕ್‌ಎಕ್ಸ್‌ಎಂಎಲ್ (ತಿದ್ದಲು ಬರುವ ಸ್ವರಲಿಪಿ) ಫೈಲೂ ಇಸ್ಕೊಳ್ಳಿ. ಪುಕ್ಕಟೆ ಸಿಗುವ ಮ್ಯೂಸ್‌ಸ್ಕೋರ್ ಸಾಫ್ಟ್‌ವೇರಿನಲ್ಲಿ ತೆರೆದು ನಾವೇ ತಿದ್ದಬಹುದು. ನಮ್ಮ ಹಾಡುಗಳನ್ನು ಈಗ ಮಾಸ್ತರರು ಕಿವಿಯಿಂದ ಕೇಳಿ ಭಾತಖಂಡೆ ಪದ್ಧತಿಯಲ್ಲಿ (ಹಿಂದೂಸ್ತಾನಿ ಸಂಗೀತದ ಸ್ವರಲಿಪಿ) ಬರೆಯುತ್ತಿದ್ದಾರೆ. ನಿಧಾನ, ಆದರೆ ಹಾಡಿದರೆ ದೊಡ್ಡಪ್ಪನ ಮಟ್ಟೇ ಬರುತ್ತದೆ.

ಮತ್ತೆ, ಕ್ಯಾಸೆಟ್ ಮಾತ್ರ ಯಾರಿಗೂ ಕೊಡಬೇಡಿ. ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿ ವೇವ್ ಫೈಲ್ ಕೊಡಿ. ನಮ್ಮದೊಂದು ಕ್ಯಾಸೆಟ್ ಟೇಪ್ ಸುಕ್ಕಾಗಿ ವಾಪಸ್ ಬಂತು. 'ಮೊದಲೇ ಹಂಗಿತ್ತು' ಅಂದರು. ಆ ಕ್ಯಾಸೆಟ್ಟಿನ ಎರಡನೇ ಮಗ್ಗುಲನ್ನು ನಾವಿನ್ನೂ ಇಳಿಸಿಕೊಂಡಿರಲಿಲ್ಲ.