ಮೂರು ಸೆಕೆಂಡ್ ಬಾಯಿ ಮುಚ್ಚಿಕೊಳ್ಳೋಕೆ ಮೂರು ದಿನದ ತರಬೇತಿ

14 ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಮಕ್ಕಳನ್ನು ಮಾತಾಡಿಸೋದು ನನಗೆ ಚೆನ್ನಾಗಿ ಗೊತ್ತು ಅಂದುಕೊಂಡೇ ಈ ತರಬೇತಿಗೆ ಹೋದೆ. ತರಗತಿಯಲ್ಲಿ ಚರ್ಚೆ ನಡೆಸೋದು ಹೇಗೆ ಅಂತ ಶಿಕ್ಷಕರಿಗೆ ಕಲಿಸುವ ಮೂರು ದಿನದ ಶಿಬಿರ.

ಮೊದಲ ದಿನ ಬೆಳಗ್ಗೆ ಸಿಟ್ಟು ಬಂತು. ‘ಉಪನ್ಯಾಸ ಕಡಿಮೆ ಮಾಡಿ’ ಅನ್ನೋದನ್ನು ಎರಡೂವರೆ ಗಂಟೆ ಉಪನ್ಯಾಸ ಮಾಡಿ ಹೇಳಿದರು!

ಮಧ್ಯಾಹ್ನ ಮಾತ್ರ ನನ್ನ ಜಂಬ ಇಳಿಯಿತು. ಅವರವರ ಪಾಠದ ರೆಕಾರ್ಡಿಂಗ್ ತರಬೇಕು ಅಂತ ಮೊದಲೇ ಹೇಳಿದ್ದರು. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತೀರಿ, ಎಣಿಸಿ ಅಂದರು. ನಾಲ್ಕೈದು ಸೆಕೆಂಡ್ ಇರಬಹುದು ಅಂದುಕೊಂಡಿದ್ದೆ. ಕೇಳಿದರೆ, ‘ಮಂಜುಗಡ್ಡೆ ನೀರಲ್ಲಿ ತೇಲೋದು ಯಾಕೆ? ಹೇಳಿ, ಹೇಳಿ, ಸಾಂದ್ರತೆ ಕಡಿಮೆ, ಅಲ್ವಾ?’ ‘ಹೌದು ಮಿಸ್.’ ಒಂದು ಸೆಕೆಂಡೂ ಇಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದಿದ್ದರಂತೆ. ಶಿಕ್ಷಕರು ಕಾಯೋದು ಹೆಚ್ಚುಕಡಿಮೆ ಒಂದೇ ಸೆಕೆಂಡ್. ಅದನ್ನು ಮೂರಕ್ಕೆ ಏರಿಸಿದರೆ ಉತ್ತರ ಉದ್ದವಾಗುತ್ತೆ, ಸುಮ್ನೆ ಕೂತಿರುವ ಮಕ್ಕಳೂ ಬಾಯಿ ಬಿಡ್ತಾರೆ.

ಎರಡನೇ ದಿನದ ನಕ್ಷೆಯೂ ಹಾಗೇ ಚುಚ್ಚಿತು. ಯಾರ ಮಾತು ಯಾರ ಕಡೆ ಹೋಯಿತು ಅಂತ ಗೆರೆ ಎಳೆಯುತ್ತಾ ಹೋಗಬೇಕು. ನನ್ನ ಪಾಠದ ಗೆರೆಗಳೆಲ್ಲ ಕೊಡೆಯ ಕಡ್ಡಿಗಳ ಹಾಗೆ ನನ್ನ ಹತ್ತಿರವೇ ಬಂದು ಸೇರಿದವು. ಮಕ್ಕಳ ನಡುವೆ ಒಂದೇ ಒಂದು ಗೆರೆ ಇಲ್ಲ.

ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ಹೇಳಿದ ವಿಧಾನವನ್ನೂ ಮಾಡಿಸಿದರು: ಮೊದಲು ಒಬ್ಬರೇ ಯೋಚಿಸೋದು, ಆಮೇಲೆ ಪಕ್ಕದವರ ಜೊತೆ ಮಾತು, ಆಮೇಲೆ ಎಲ್ಲರ ಮುಂದೆ. ಸುಲಭ, ನಾಳೆಯೇ ಮಾಡಬಹುದು.

ತಕರಾರು ಇರೋದು ಮಕ್ಕಳ ಸಂಖ್ಯೆಯಲ್ಲಿ. ಒಂದೇ ಮೇಜಿನ ಸುತ್ತ 12 ಮಕ್ಕಳು ಕೂತು ಚರ್ಚೆ ಮಾಡುವ ಹಾರ್ಕ್‌ನೆಸ್ ಪದ್ಧತಿಯನ್ನು ಅರ್ಧ ದಿನ ಹೊಗಳಿದರು. ನನ್ನ ತರಗತಿಯಲ್ಲಿ 52 ಮಕ್ಕಳು. ಏನು ಮಾಡಲಿ ಅಂತ ಕೇಳಿದರೆ ‘ಅಡ್ಜಸ್ಟ್ ಮಾಡಿಕೊಳ್ಳಿ’ ಅಂದರು. ಪಕ್ಕದಲ್ಲಿದ್ದ ಶಿಕ್ಷಕಿಯೇ ವಾಸಿ. 10 ಮಕ್ಕಳು ಒಳಗಿನ ವೃತ್ತದಲ್ಲಿ ಮಾತಾಡಲಿ, ಉಳಿದವರು ಹೊರಗೆ ಕೂತು ಯಾರು ಏನು ಹೇಳಿದರು ಅಂತ ಬರೆದುಕೊಳ್ಳಲಿ ಅಂದರು. ಮಾತಿಗೆ ಅಂಕ ಹೇಗೆ ಕೊಡೋದು ಅನ್ನೋದರ ಸುದ್ದಿಯೇ ಬರಲಿಲ್ಲ. ಮೂರನೇ ದಿನ ಬರೀ ಪ್ರಮಾಣಪತ್ರ, ಫೋಟೋ.

ವಾಪಸ್ ಬಂದು ಅದೇ ಮಂಜುಗಡ್ಡೆ ಪ್ರಶ್ನೆ ಕೇಳಿದೆ. ಬೆನ್ನ ಹಿಂದೆ ಬೆರಳು ಮಡಚಿ ಎಣಿಸಿದೆ. ಎರಡನೇ ಸೆಕೆಂಡ್‌ಗೇ ಚಡಪಡಿಕೆ. ಕೊನೇ ಬೆಂಚಿನ ಹುಡುಗಿ, ‘ಮಿಸ್, ಕರಗಿದ ಮೇಣದಲ್ಲಿ ಗಟ್ಟಿ ಮೇಣ ಹಾಕಿದರೂ ತೇಲುತ್ತಾ?’ ಅಂದಳು. ಮುಳುಗುತ್ತೆ ಅಂತ ನನ್ನ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಷ್ಟರಲ್ಲಿ ಮುಂದಿನ ಬೆಂಚಿನವನು ಹಿಂದೆ ತಿರುಗಿ, ‘ತೇಲಲ್ಲ ಕಣೇ’ ಅಂತ ಜಗಳಕ್ಕೆ ನಿಂತ.

ಶಿಬಿರಕ್ಕೆ ನಾನು ಕೊಡೋ ಅಂಕ ಐದಕ್ಕೆ ಮೂರೂವರೆ. ಹೋಗುವುದಾದರೆ ನಿಮ್ಮ ಪಾಠದ ರೆಕಾರ್ಡಿಂಗ್ ತಪ್ಪದೇ ಒಯ್ಯಿರಿ. ಮೊದಲ ದಿನ ಮಧ್ಯಾಹ್ನ ಹೋದರೂ ಸಾಕು.